ಮನೇಲೇ ಪಾರ್ಟ್ ಮಾಡೋರಿಗೆ: ಮೊದ್ಲು ಅದು ಕೂರೋ ಜಾಗ ನೋಡಿ (ಓದುಗರ ಪ್ರಶ್ನೆ, ನಮ್ಮ ಉತ್ತರ)

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಯುಟಿವಿ ಬಗ್ಗೆ. ಪಕ್ಕಪಕ್ಕ ಸೀಟು, ಹಿಂದೆ ಸಾಮಾನು ಹಾಕೋಕೆ ಒಂದು ಬೆಡ್ಡು, ಸುತ್ತ ರೋಲ್ ಕೇಜು (ಮಗುಚಿದ್ರೆ ಒಳಗಿರೋರನ್ನ ಕಾಯೋ ಪೈಪಿನ ಪಂಜರ) ಇರೋ ಆಫ್‌ರೋಡ್ ಗಾಡಿ. ಕಂಪನಿಯವರು ಕೊಡದೇ ಇರೋ ಯಾವುದೋ ಒಂದು ಪಾರ್ಟ್ ಬೇಕು, ಮನೆ ಶೆಡ್ಡಲ್ಲಿ ಗ್ರೈಂಡರು, ಡ್ರಿಲ್ಲು, ವೆಲ್ಡಿಂಗ್ ಮಷೀನು ಇದೆ, ಮಾಡ್ಕೊಳ್ಳೋಣ ಅಂತ ಹೊರಟಿರೋರ ಪ್ರಶ್ನೆಗಳಿವು. ಹೆಸರು ಬಿಟ್ಟು ಪ್ರಶ್ನೆ ಮಾತ್ರ ಹಾಕಿದೀವಿ.

ಪ್ರಶ್ನೆ: ಸರ್, ಬೆಡ್ಡಿನ ಹಿಂದಿನ ಗೋಡೆಗೆ ಸ್ಪೇರ್ ವೀಲ್ ಸ್ಟ್ಯಾಂಡ್ ಮಾಡಿ ಕೂರಿಸಿದೆ. 40 ಎಂಎಂ ಸ್ಕ್ವೇರ್ ಪೈಪು, ವೆಲ್ಡಿಂಗ್ ಎಲ್ಲಾ ಗಟ್ಟಿ. ಸ್ವಲ್ಪ ದಿನ ಓಡಿಸಿದ್ಮೇಲೆ ನೋಡಿದ್ರೆ ಸ್ಟ್ಯಾಂಡ್ ಹಾಗೇ ಇದೆ, ಬೋಲ್ಟ್ ಸುತ್ತ ಬೆಡ್ಡಿನ ಶೀಟೇ ಸೀಳಿದೆ. ಇನ್ನೂ ದಪ್ಪ ಬೋಲ್ಟ್ ಹಾಕ್ಲಾ?

ಉತ್ತರ: ಬೇಡ, ಬೋಲ್ಟಿಂದ ಆಗಿರೋ ತೊಂದರೆ ಅಲ್ಲ ಇದು. ಒಂದು ಸಣ್ಣ ಲೆಕ್ಕ ಮಾಡೋಣ ಬನ್ನಿ, ಯಾಕಂದ್ರೆ ಈ ಲೆಕ್ಕ ಒಂದ್ಸಲ ತಲೇಲಿ ಕೂತ್ರೆ ಮುಂದೆ ಯಾವ ಪಾರ್ಟ್ ಮಾಡೋವಾಗ್ಲೂ ಉಪಯೋಗಕ್ಕೆ ಬರುತ್ತೆ.

ಟೈರು ರಿಮ್ಮು ಸೇರಿ 22 ಕೆಜಿ, ಸ್ಟ್ಯಾಂಡು 8 ಕೆಜಿ, ಒಟ್ಟು 30 ಕೆಜಿ ಅಂತ ಇಟ್ಕೊಳ್ಳಿ. ನಿಂತ ಗಾಡೀಲಿ ಅದು 30 ಕೆಜಿನೇ, ಆದ್ರೆ ಗುಂಡಿ ಹಾರಿಸಿ ದಢ್ ಅಂತ ಕೂತಾಗ ಅದೇ ತೂಕ ಹಲವು ಪಟ್ಟು ಜಗ್ಗುತ್ತೆ, ನಾನು ಇಂಥ ಕೆಲಸಕ್ಕೆ ಕಡಿಮೆ ಅಂದ್ರೂ 4 ಪಟ್ಟು ಹಿಡೀತೀನಿ, ಅಂದ್ರೆ 120 ಕೆಜಿ. ಆ ತೂಕ ಬೆಡ್ಡಿನ ಗೋಡೆಯಿಂದ 350 ಎಂಎಂ ಆಚೆ ನೇತಾಡ್ತಿದೆ. ನಿಮ್ಮ ಮೇಲಿನ ಸಾಲಿನ ಬೋಲ್ಟಿಗೂ ಕೆಳಗಿನ ಸಾಲಿಗೂ ನಡುವೆ 60 ಎಂಎಂ ಮಾತ್ರ ಅಂತರ ಇದ್ರೆ ಮೇಲಿನ ಸಾಲನ್ನ ಹೊರಗೆ ಎಳೆಯೋ ಬಲ 120 ಗುಣಿಸು 350 ಭಾಗಿಸು 60, ಅಂದ್ರೆ 700 ಕೆಜಿ. ಎರಡು ಬೋಲ್ಟ್ ಇದ್ರೆ ಒಂದೊಂದಕ್ಕೆ 350. ಅದೇ ಅಂತರಾನ 200 ಎಂಎಂ ಮಾಡಿ, ಒಂದು ಬೋಲ್ಟಿಗೆ ಬರೋದು 105 ಕೆಜಿಗೆ ಇಳಿಯುತ್ತೆ. ಒಂದು ಪೈಸೆ ಖರ್ಚಿಲ್ಲದೆ ಮೂರರಲ್ಲಿ ಒಂದು ಪಾಲಿಗಿಂತ್ಲೂ ಕಮ್ಮಿ ಆಯ್ತು ನೋಡಿ.

ಈಗ ಬೋಲ್ಟ್ ಕಡೆ ಬನ್ನಿ. ಎಂ10 ಸೈಜಿನ (10 ಎಂಎಂ ದಪ್ಪದ), 8.8 ಅನ್ನೋ ಗಟ್ಟಿ ಗ್ರೇಡಿನ ಬೋಲ್ಟು 3 ಟನ್ನಿಗಿಂತ ಹೆಚ್ಚು ಎಳೆತ ತಡೆಯುತ್ತೆ. ಅದಕ್ಕೆ 350 ಕೆಜಿ ಲೆಕ್ಕಕ್ಕೇ ಇಲ್ಲ. ಆದ್ರೆ ಆ ಬೋಲ್ಟ್ ತಲೆ ಹಿಡ್ಕೊಂಡಿರೋದು ಯಾವುದನ್ನ? ಒಂದೂವರೆ ಎಂಎಂ ಶೀಟು, ಅದ್ರ ಮೇಲೆ ಒಂದು ಸಣ್ಣ ವಾಷರ್. ಪ್ರತಿ ಕುಲುಕಿಗೂ ಆ ವಾಷರ್ ಅಂಚಲ್ಲಿ ಶೀಟು ಒಳಗೂ ಹೊರಗೂ ಬಾಗುತ್ತೆ, ಬಾಗಿ ಬಾಗಿ ದಣಿದು ಕೊನೆಗೆ ಸೀಳುತ್ತೆ. ಎಂ12 ಹಾಕಿದ್ರೂ ಅದೇ ಕತೆ, ಸಾಲದ್ದಕ್ಕೆ ತೂತು ದೊಡ್ಡದಾಗಿ ಶೀಟು ಇನ್ನೂ ಕಮ್ಮಿ ಉಳಿಯುತ್ತೆ.

ನೀವು ಮಾಡ್ಬೇಕಾದ್ದು ಇಷ್ಟು. ಸೀಳು ಎಲ್ಲಿಗೆ ಮುಗಿದಿದೆಯೋ ಅದರ ತುದೀಲಿ 3 ಎಂಎಂ ತೂತು ಕೊರೀರಿ, ಸೀಳು ಮುಂದೆ ಓಡೋದು ನಿಧಾನ ಆಗುತ್ತೆ, ಆಮೇಲೆ ಸೀಳನ್ನ ವೆಲ್ಡ್ ಮಾಡಿ ಮಟ್ಟ ಮಾಡ್ಕೊಳ್ಳಿ. ಶೀಟಿನ ಹಿಂದೆ ಅಂಗೈ ಅಗಲಕ್ಕಿಂತ ದೊಡ್ಡದಾದ 4 ಎಂಎಂ ಪ್ಲೇಟ್ ಇಡಿ, ಮೂಲೆಗಳನ್ನ ಗುಂಡಗೆ ಮಾಡಿ, ಚೂಪು ಮೂಲೆ ಇದ್ರೆ ಅಲ್ಲಿಂದಲೇ ಮುಂದಿನ ಸೀಳು ಶುರು. ಇದಕ್ಕಿಂತ ಒಳ್ಳೇದು ಅಂದ್ರೆ ಸ್ಟ್ಯಾಂಡಿನ ಕಾಲನ್ನ ಕೆಳಗೆ ಉದ್ದ ಮಾಡಿ ಬೆಡ್ಡಿನ ಅಡಿ ಇರೋ ಫ್ರೇಮ್ ಪೈಪಿಗೆ ಮುಟ್ಟಿಸೋದು, ಆಗ ಭಾರ ಪೂರ್ತಿ ಫ್ರೇಮಿಗೆ ಹೋಗುತ್ತೆ, ಶೀಟು ಬರೀ ಅಲುಗಾಡದ ಹಾಗೆ ಹಿಡ್ಕೊಂಡ್ರೆ ಸಾಕು. ಆದ್ರೆ ಬೆಡ್ಡು ಎತ್ತಿ ಸುರಿಯೋ ಥರದ್ದಾದ್ರೆ ಕಾಲು ಬೆಡ್ಡಿನ ಸ್ವಂತ ಫ್ರೇಮಿಗೇ ಸೇರ್ಬೇಕು, ಗಾಡಿ ಚಾಸಿಗೆ ಸೇರಿಸಿದ್ರೆ ಬೆಡ್ಡು ಏಳಲ್ಲ.

ಪೈಪಿಗೆ ಅಡ್ಡ ಬೋಲ್ಟ್ ಹಾಕೋವಾಗ ಒಳಗೆ ಒಂದು ತುಂಡು ದಪ್ಪ ಟ್ಯೂಬನ್ನ ಬುಷ್ ಥರ ಕೂರಿಸಿ ಎರಡೂ ಕಡೆ ವೆಲ್ಡ್ ಮಾಡಿ. ಇಲ್ಲಾಂದ್ರೆ ಎಂ10 ಬೋಲ್ಟಿಗೆ ಬೇಕಾದ ಸುಮಾರು 45 ನ್ಯೂಟನ್ ಮೀಟರ್ ಬಿಗಿ ಕೊಡೋಷ್ಟರಲ್ಲಿ ಪೈಪೇ ಚಪ್ಪಟೆ ಆಗುತ್ತೆ, ಚಪ್ಪಟೆ ಆದ ಪೈಪಲ್ಲಿ ಬೋಲ್ಟ್ ಯಾವತ್ತೂ ಬಿಗಿಯಾಗಿ ನಿಲ್ಲಲ್ಲ. ತೂತಿನ ನಡುವಿಂದ ಪ್ಲೇಟಿನ ಅಂಚಿಗೆ ಬೋಲ್ಟಿನ ದಪ್ಪದ ಎರಡು ಪಟ್ಟಾದ್ರೂ ಜಾಗ ಬಿಡಿ.

ಪ್ರಶ್ನೆ: ರೋಲ್ ಕೇಜಿಗೆ ಸಣ್ಣದಾಗಿ ಎರಡು ಪಟ್ಟಿ ವೆಲ್ಡ್ ಮಾಡಿ ಮೇಲೆ ಲಗೇಜ್ ರ‍್ಯಾಕ್ ಕೂರಿಸ್ಬಹುದಾ? ಪಟ್ಟಿ ತುಂಬಾ ಚಿಕ್ಕದು ಅಣ್ಣಾ, ಏನೂ ಆಗಲ್ಲ ಅಲ್ವಾ?

ಉತ್ತರ: ಮಾಡ್ಬೇಡಿ. ಕೈ ಮುಗಿದು ಕೇಳ್ಕೋತೀನಿ, ಕೇಜಿಗೆ ವೆಲ್ಡಿಂಗೂ ಬೇಡ, ಡ್ರಿಲ್ಲೂ ಬೇಡ. ಗಾಡಿ ಮಗುಚಿದಾಗ ನಿಮ್ಮ ತಲೆಗೂ ನೆಲಕ್ಕೂ ನಡುವೆ ಇರೋದು ಅದೊಂದೇ. ಪೂರ್ತಿ ಕೇಜು ಒಂದಾಗಿ ಬಾಗಿ ಪೆಟ್ಟು ಹೀರ್ಕೊಳ್ಳೋ ಲೆಕ್ಕದಲ್ಲಿ ಅದನ್ನ ಮಾಡಿ ಪರೀಕ್ಷೆ ಮಾಡಿರ್ತಾರೆ, ಪೈಪಿನ ಮೇಲೆ ಒಂದು ಇಂಚು ವೆಲ್ಡ್ ಎಳೆದ್ರೂ ಅದರ ಪಕ್ಕದ ಲೋಹ ಕಾದು ಆರಿ ಗುಣ ಬದಲಾಗುತ್ತೆ, ಬಾಗೋ ಹೊತ್ತಲ್ಲಿ ಎಲ್ಲಾ ಬಾಗೂ ಅದೊಂದೇ ಜಾಗಕ್ಕೆ ಬಂದು ಅಲ್ಲೇ ಮುರಿಯುತ್ತೆ. ಗಾಡಿ ಜೊತೆ ಬಂದಿರೋ ಪುಸ್ತಕ ತೆಗೆದು ನೋಡಿ, ಸಾಮಾನ್ಯವಾಗಿ ಇದನ್ನ ಸ್ಪಷ್ಟವಾಗಿ ಬರೆದಿರ್ತಾರೆ. ಬಗ್ಗಿರೋ ಕೇಜನ್ನ ನೆಟ್ಟಗೆ ಮಾಡಿ ಮತ್ತೆ ಹಾಕೋದೂ ಅಷ್ಟೇ ಅಪಾಯ.

ದಾರಿ ಇದೆ, ಪೈಪಿನ ಸುತ್ತ ಕೂರೋ ಎರಡು ಹೋಳಿನ ಕ್ಲಾಂಪು. ಪೈಪಿನ ಹೊರಗಿನ ಅಳತೆ ವರ್ನಿಯರಲ್ಲಿ ತಗೊಳ್ಳಿ, ಕಣ್ಣಂದಾಜು ಬೇಡ, ಬಣ್ಣದ ದಪ್ಪಾನೂ ಸೇರಿಸಿ ಅಳೀರಿ. ನಡುವೆ ತೆಳ್ಳಗೆ ರಬ್ಬರ್ ಪಟ್ಟಿ ಹಾಕಿ. ಎರಡು ಹೋಳು ಬಿಗಿ ಆದ್ಮೇಲೂ ನಡುವೆ ಒಂದೆರಡು ಎಂಎಂ ಸಂದಿ ಉಳೀಬೇಕು, ಹೋಳುಗಳೇ ಒಂದಕ್ಕೊಂದು ತಾಗಿದ್ರೆ ಪೈಪನ್ನ ಹಿಡಿದಿಲ್ಲ ಅಂತ ಅರ್ಥ.

ಆದ್ರೆ ರ‍್ಯಾಕ್ ಬಗ್ಗೆ ಇನ್ನೊಂದು ಯೋಚನೆ ಮಾಡಿ, ಇದು ನಂಗೆ ಕ್ಲಾಂಪಿಗಿಂತ ದೊಡ್ಡ ವಿಷಯ. ಉದಾಹರಣೆಗೆ ಜನ ಸೇರಿ ಗಾಡಿ 800 ಕೆಜಿ, ಎಡ ಬಲ ಚಕ್ರದ ನಡುವೆ 1.3 ಮೀಟರ್, ತೂಕದ ಕೇಂದ್ರ ನೆಲದಿಂದ 0.7 ಮೀಟರ್ ಮೇಲೆ ಅಂತ ಹಿಡೀರಿ. ಲೆಕ್ಕದ ಪ್ರಕಾರ ಸುಮಾರು 43 ಡಿಗ್ರಿ ಅಡ್ಡ ಇಳಿಜಾರಿನ ತನಕ ಅದು ಮಗುಚಲ್ಲ. ಈಗ 1.9 ಮೀಟರ್ ಎತ್ತರದಲ್ಲಿ 50 ಕೆಜಿ ಇಟ್ರೆ ಕೇಂದ್ರ 0.77ಕ್ಕೆ ಏರಿ ಆ ಮಿತಿ 40 ಡಿಗ್ರಿಗೆ ಇಳಿಯುತ್ತೆ. ಬರೀ 3 ಡಿಗ್ರಿ ಅನ್ಸುತ್ತೆ, ಆದ್ರೆ ಇದು ನಿಂತ ಗಾಡಿ ಲೆಕ್ಕ, ಓಡೋವಾಗ ಸಸ್ಪೆನ್ಷನ್ ಒಂದು ಕಡೆ ಕುಗ್ಗುತ್ತೆ, ತಿರುವಿನ ಬಲ ಸೇರುತ್ತೆ, ಒಂದು ಚಕ್ರ ಕಲ್ಲು ಹತ್ತುತ್ತೆ, ಹಾಗಾಗಿ ನಿಜವಾದ ಮಿತಿ ಇದಕ್ಕಿಂತ ಎಷ್ಟೋ ಕೆಳಗಿರುತ್ತೆ. ಮೇಲೆ ಹಗ್ಗ, ಟಾರ್ಪಾಲು, ಮಲಗೋ ಚಾಪೆ ಥರದ ಹಗುರ ಸಾಮಾನು ಇಡಿ. ಡೀಸೆಲ್ ಕ್ಯಾನು, ಟೂಲ್ ಬಾಕ್ಸು, ನೀರು ಎಲ್ಲಾ ಕೆಳಗೆ ಬೆಡ್ಡಲ್ಲೇ ಇರ್ಲಿ.

ಪ್ರಶ್ನೆ: ನನ್ನತ್ರ ಚಿಕ್ಕ ಇನ್ವರ್ಟರ್ ಸ್ಟಿಕ್ ವೆಲ್ಡಿಂಗ್ ಮಷೀನ್ ಮಾತ್ರ ಇದೆ, ಮಿಗ್ (ತಂತಿ ತಾನೇ ಬರೋ ವೆಲ್ಡಿಂಗ್ ಮಷೀನ್) ಇಲ್ದೆ ಇಂಥ ಕೆಲಸ ಆಗುತ್ತಾ? ಗಾಡಿ ಮೇಲೇ ಇಟ್ಟು ವೆಲ್ಡ್ ಮಾಡ್ಬಹುದಾ?

ಉತ್ತರ: ಆಗುತ್ತೆ, ಚೆನ್ನಾಗೇ ಆಗುತ್ತೆ. 3 ಎಂಎಂ ಮತ್ತು ಮೇಲಿನ ಪ್ಲೇಟಿಗೆ 6013 ನಂಬರಿನ ವೆಲ್ಡಿಂಗ್ ರಾಡು 2.5 ಎಂಎಂ ಸೈಜಿಂದು, 60ರಿಂದ 90 ಆಂಪಿಯರ್ ನಡುವೆ ಎಲ್ಲೋ ನಿಮ್ಮ ಕೈಗೆ ಒಗ್ಗೋ ಜಾಗ ಸಿಗುತ್ತೆ, ಅದೇ ದಪ್ಪದ ಚೂರು ಪ್ಲೇಟಲ್ಲಿ ನಾಲ್ಕು ಗೆರೆ ಎಳೆದು ಹೊಂದಿಸ್ಕೊಳ್ಳಿ. ಕಷ್ಟ ಬರೋದು ತೆಳು ಪೈಪಲ್ಲಿ, ಒಂದೂವರೆ ಎಂಎಂ ಗೋಡೆ ಇರೋದಕ್ಕೆ ಸ್ಟಿಕ್ ಹಿಡಿದ್ರೆ ತೂತು ಬೀಳುತ್ತೆ. ಹಾಗಾಗಿ ಸ್ಟಿಕ್ ಇರೋರು ಡಿಸೈನ್ ಮಾಡೋವಾಗ್ಲೇ 2.5 ಅಥವಾ 3 ಎಂಎಂ ಗೋಡೆ ಪೈಪು ಆರಿಸ್ಕೊಳ್ಳೋದು ಜಾಣತನ, ಸ್ವಲ್ಪ ತೂಕ ಜಾಸ್ತಿ ಆಗ್ಲಿ ಪರವಾಗಿಲ್ಲ. 7018 ರಾಡು ಇನ್ನೂ ಗಟ್ಟಿ, ಆದ್ರೆ ಅದಕ್ಕೆ ತೇವ ತಾಗಬಾರ್ದು, ಶೆಡ್ ಮೂಲೇಲಿ ತೆರೆದು ಬಿಟ್ಟಿರೋ ಪ್ಯಾಕೆಟ್ಟಿಂದು ಹಾಕ್ಬೇಡಿ.

ಮಷೀನಿಗಿಂತ ಮುಖ್ಯ ತಯಾರಿ. ಎರಡು ತುಂಡು ಸೇರೋ ಕಡೆ ಸಂದಿ ಎಷ್ಟು ಕಮ್ಮಿಯೋ ವೆಲ್ಡು ಅಷ್ಟು ಚೆನ್ನ. ಅದಕ್ಕೇ ಹೇಳೋದು, ಮೊದ್ಲು ದಪ್ಪ ರಟ್ಟಲ್ಲಿ ಪಾರ್ಟ್ ಮಾಡಿ ಗಾಡಿಗೆ ಹಿಡಿದು ನೋಡಿ ಅಂತ. ರಟ್ಟನ್ನ ಕತ್ತರಿಸಿ ಅಂಟಿಸಿ, ತೂತಿನ ಜಾಗ ಪೆನ್ಸಿಲಲ್ಲಿ ಗುರುತು ಹಾಕಿ, ಸ್ಟೇರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ಜಾಕ್ ಹಾಕಿ ಸಸ್ಪೆನ್ಷನ್ ಮೇಲೆ ಕೆಳಗೆ ಹೋದಾಗ ತಾಗುತ್ತಾ ನೋಡಿ, ಬೆಡ್ಡು ಎತ್ತಿ ನೋಡಿ, ಬೆಲ್ಟ್ ಡ್ರೈವಿಗೆ ಗಾಳಿ ಹೋಗೋ ಕೊಳವೆ ಬಾಯಿ ಮುಚ್ಚುತ್ತಾ ನೋಡಿ. ಆ ಬಾಯಿ ಮುಚ್ಚಿದ್ರೆ ಬೆಲ್ಟ್ ಬಿಸಿಯಾಗಿ ಹೋಗುತ್ತೆ, ಯಾಕೆ ಹೋಯ್ತು ಅಂತ ಆಮೇಲೆ ಹೊಳೆಯೋದೇ ಇಲ್ಲ. ರಟ್ಟು ಎಷ್ಟು ಸಲ ಹಾಳಾದ್ರೂ ಚಿಂತೆ ಇಲ್ಲ.

ಗಾಡಿ ಮೇಲೆ ವೆಲ್ಡಿಂಗ್ ಆದಷ್ಟು ಬೇಡ. ತೂತುಗಳ ಜಾಗಾನ ಒಂದು ದಪ್ಪ ಪ್ಲೇಟಿಗೆ ಇಳಿಸ್ಕೊಂಡು ಆ ಪ್ಲೇಟಿಗೇ ಪಾರ್ಟಿನ ಪಟ್ಟಿಗಳನ್ನ ಬೋಲ್ಟ್ ಮಾಡಿ ಬೆಂಚ್ ಮೇಲೆ ವೆಲ್ಡ್ ಮಾಡಿ, ಆಗ ಬಿಸಿಗೆ ಎಳೆದ್ರೂ ತೂತು ಜರುಗಲ್ಲ. ಮೊದ್ಲು ಎಲ್ಲಾ ಮೂಲೆಗೂ ಟ್ಯಾಕ್ (ಚುಕ್ಕಿಯಷ್ಟು ಸಣ್ಣ ವೆಲ್ಡ್), ಮೂಲೆ ಮಟ್ಟ ಇಟ್ಟು ಕರ್ಣ ಅಳೆದು ನೋಡೋದು, ಆಮೇಲೆ ಒಂದು ಇಂಚು ಇಲ್ಲಿ, ಒಂದು ಇಂಚು ಎದುರು ಮೂಲೇಲಿ ಹೀಗೆ ಹಂಚಿ ಹಂಚಿ ಹಾಕ್ಬೇಕು. ಒಂದೇ ಕಡೆಯಿಂದ ಉದ್ದಕ್ಕೆ ಎಳ್ಕೊಂಡು ಹೋದ್ರೆ ಪಾರ್ಟು ಬಾಳೆ ಎಲೆ ಒಣಗಿದ ಹಾಗೆ ಸುರುಳಿ ತಿರುಗುತ್ತೆ.

ಗಾಡಿ ಮೇಲೇ ಮಾಡ್ಲೇಬೇಕಾಗಿ ಬಂದ್ರೆ ಬ್ಯಾಟರಿ ಎರಡೂ ವೈರು ಬಿಚ್ಚಿ, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿ, ಅರ್ಥ್ ಕ್ಲಾಂಪನ್ನ ವೆಲ್ಡ್ ಮಾಡೋ ತುಂಡಿಗೇ ಹತ್ತಿರ ಹಿಡಿಸಿ. ದೂರ ಹಿಡಿಸಿದ್ರೆ ಕರೆಂಟು ಬೇರಿಂಗ್ ಒಳಗಿಂದ ದಾರಿ ಮಾಡ್ಕೊಂಡು ಹೋಗಿ ಅದರ ಗುಂಡುಗಳ ಮೇಲೆ ಚುಕ್ಕಿ ಬೀಳಿಸುತ್ತೆ. ಪೆಟ್ರೋಲ್ ಟ್ಯಾಂಕು, ಪೈಪು ಹತ್ರ ಇದ್ರೆ ಬಿಚ್ಚಿ ಆಚೆ ಇಡಿ, ಅಲ್ಲಿ ರಾಜಿ ಇಲ್ಲ.

ಉಸಿರಿನ ಬಗ್ಗೆ ಎರಡು ಮಾತು, ದಯವಿಟ್ಟು ಓದಿ. ಜಿಐ ಪೈಪಿನ (ಸತು ಲೇಪಿಸಿದ ಉಕ್ಕಿನ ಪೈಪು) ಸತು 907 ಡಿಗ್ರಿಗೇ ಕುದ್ದು ಹೊಗೆ ಆಗುತ್ತೆ, ಉಕ್ಕು ಕರಗೋಕೆ ಇನ್ನೂ ಎಷ್ಟೋ ಬಿಸಿ ಬೇಕು, ಅಂದ್ರೆ ಉಕ್ಕು ಕರಗೋ ಮುಂಚೆನೇ ಆ ಹೊಗೆ ಮೂಗಿಗೆ ಬಂದಿರುತ್ತೆ. ರಾತ್ರಿ ಚಳಿಜ್ವರ, ಮೈಕೈ ನೋವು ಬರೋದು ಇದ್ರಿಂದಲೇ. ಸೇರೋ ಜಾಗದ ಸುತ್ತ ಎರಡು ಇಂಚು ಸತು ಉಜ್ಜಿ ತೆಗೀರಿ, ಉಜ್ಜೋವಾಗ್ಲೂ ಮಾಸ್ಕ್ ಇರ್ಲಿ, ಇನ್ನೂ ಒಳ್ಳೇದು ಅಂದ್ರೆ ಸತು ಇಲ್ಲದ ಕಪ್ಪು ಪೈಪೇ ತಗೊಳ್ಳಿ. ಎರಡನೇದು, ಎಣ್ಣೆ ಒರೆಸೋಕೆ ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಸ್ಪ್ರೇ ವೆಲ್ಡಿಂಗ್ ಹತ್ರ ಸುಳೀಲೇಬಾರ್ದು. ಅದರ ಆವಿಗೆ ಆರ್ಕಿನ ಬೆಳಕು, ಬಿಸಿ ತಾಗಿದ್ರೆ ಫಾಸ್ಜೀನ್ ಅನ್ನೋ ವಿಷಗಾಳಿ ಹುಟ್ಟುತ್ತೆ, ಪ್ರಾಣಕ್ಕೇ ಅಪಾಯ. ಅಸಿಟೋನಲ್ಲಿ ಒರೆಸಿ, ಪೂರ್ತಿ ಒಣಗಿದ್ಮೇಲೆ, ಬಾಟ್ಲಿ ಬಟ್ಟೆ ಎರಡನ್ನೂ ದೂರ ಇಟ್ಟು ಶುರು ಮಾಡಿ.

ಪ್ರಶ್ನೆ: ಗಾಡಿ ಅಡಿಗೆ ಸ್ಕಿಡ್ ಪ್ಲೇಟ್ (ಕಲ್ಲು ತಾಗದ ಹಾಗೆ ಕಾಯೋ ತಗಡು) ಮಾಡ್ಬೇಕು. ಉಕ್ಕು, ಅಲ್ಯೂಮಿನಿಯಂ, ದಪ್ಪ ಪ್ಲಾಸ್ಟಿಕ್, ಯಾವುದು?

ಉತ್ತರ: ಮೊದ್ಲು ತೂಕ ನೋಡಿ. ಒಂದು ಚದರ ಮೀಟರಿಗೆ 3 ಎಂಎಂ ಉಕ್ಕು 23.5 ಕೆಜಿ, 5 ಎಂಎಂ ಅಲ್ಯೂಮಿನಿಯಂ 13.5, ಯುಎಚ್‌ಎಂಡಬ್ಲ್ಯು ಅನ್ನೋ ಪ್ಲಾಸ್ಟಿಕ್ 12 ಎಂಎಂ ಹಾಕಿದ್ರೂ 11 ಕೆಜಿ ಹತ್ರ. ಕಲ್ಲಿನ ಜಾಗದಲ್ಲಿ ಓಡಿಸೋರಿಗೆ ನನ್ನ ಓಟು ಪ್ಲಾಸ್ಟಿಕ್ಕಿಗೆ, ಕಲ್ಲಿನ ಮೇಲೆ ಜಾರ್ಕೊಂಡು ಹೋಗುತ್ತೆ, ಪೆಟ್ಟಿಗೆ ಬಾಗಿ ವಾಪಸ್ ಬರುತ್ತೆ, ಕೊಯ್ಯೋಕೆ ಮರದ ಗರಗಸ ಸಾಕು. ಅಲ್ಯೂಮಿನಿಯಂ ಮೆತ್ತಗಿರೋದ್ರಿಂದ ಕಲ್ಲಿಗೆ ಕಚ್ಕೊಳ್ಳುತ್ತೆ.

ಪ್ಲಾಸ್ಟಿಕ್ಕಲ್ಲಿ ಎಷ್ಟೋ ಜನ ಮರೆಯೋದು ಒಂದಿದೆ, ಬಿಸಿಗೆ ಅದು ಹಿಗ್ಗೋದು. ಒಂದು ಮೀಟರ್ ಉದ್ದದ ಹಾಳೆ 40 ಡಿಗ್ರಿ ಬಿಸಿ ಏರಿದ್ರೆ 6 ಎಂಎಂ ಆದ್ರೂ ಉದ್ದ ಆಗುತ್ತೆ, ಅದೇ ಉಕ್ಕಿನ ಫ್ರೇಮು ಅರ್ಧ ಎಂಎಂ. ಎಲ್ಲಾ ತೂತೂ ಬೋಲ್ಟಿಗೆ ಸರಿಯಾಗಿ ಗುಂಡಗೆ ಕೊರೆದು ಬಿಗಿದ್ರೆ ಬಿಸಿಲಲ್ಲಿ ಹಾಳೆ ಹೊಟ್ಟೆ ಬಿಟ್ಕೊಂಡು ಜೋತು ಬೀಳುತ್ತೆ. ನಡುವಿನ ಒಂದು ಸಾಲು ಮಾತ್ರ ಗುಂಡು ತೂತು, ಉಳಿದಿದ್ದೆಲ್ಲಾ ಉದ್ದುದ್ದ ಸ್ಲಾಟು, ಅಗಲ ವಾಷರ್. ಬೋಲ್ಟ್ ತಲೆ ಹಾಳೆಯೊಳಗೆ ಮುಳುಗಿರ್ಬೇಕು, ಹೊರಗಿದ್ರೆ ಮೊದಲನೇ ಕಲ್ಲೇ ಅದನ್ನ ಸವರಿಬಿಡುತ್ತೆ. ಸೈಲೆನ್ಸರ್ ಹತ್ರ ಇದನ್ನ ಹಾಕ್ಬೇಡಿ, 135 ಡಿಗ್ರಿ ಆಸುಪಾಸಲ್ಲೇ ಕರಗುತ್ತೆ, ಅಲ್ಲಿ ಉಕ್ಕೋ ಅಲ್ಯೂಮಿನಿಯಮ್ಮೋ ಇರ್ಲಿ.

ಯಾವುದೇ ಆಗ್ಲಿ, ಕೆಸರು, ಒಣಹುಲ್ಲು ಹೊರಗೆ ಬೀಳೋಕೆ ದೊಡ್ಡ ಕಿಂಡಿ ಬಿಡಿ, ಎಂಜಿನ್ ಆಯಿಲ್ ಬಿಡೋ ಬೋಲ್ಟಿನ ಕೆಳಗೂ ಒಂದು. ಪ್ಲೇಟಿನ ಮೇಲೆ ಒಣಹುಲ್ಲು ಮೆತ್ಕೊಂಡು ಬಿಸಿ ಸೈಲೆನ್ಸರಿಗೆ ತಾಗಿದ್ರೆ ಗಾಡಿಗೇ ಬೆಂಕಿ ಹತ್ತುತ್ತೆ. ಪ್ಲೇಟ್ ಹಾಕ್ಕೊಂಡೋರು ಅದನ್ನ ಬಿಚ್ಚಿ ತೊಳೆಯೋದನ್ನೂ ಅಭ್ಯಾಸ ಮಾಡ್ಕೋಬೇಕು.

ಪ್ರಶ್ನೆ: ಬೆಂಡಿಂಗ್ ಮಷೀನ್ ಇಲ್ಲ, 3 ಎಂಎಂ ಪ್ಲೇಟಲ್ಲಿ ಎಲ್ ಆಕಾರದ ಬ್ರ‍್ಯಾಕೆಟ್ ಬೇಕು, ಅಳತೆ ಪ್ರತಿ ಸಲ ಹೆಚ್ಚು ಬರ್ತಿದೆ.

ಉತ್ತರ: ಹೊರಗಡೆ 50, 50 ಬೇಕು ಅಂತ 100 ಎಂಎಂ ಕತ್ತರಿಸ್ತಿದೀರ ಅನ್ಸುತ್ತೆ. ಮಡಿಕೆ ಹತ್ರ ಲೋಹ ಮೂಲೆ ಸುತ್ತಿ ಹೋಗೋದ್ರಿಂದ ಅಷ್ಟು ಬೇಡ, ಮಡಿಕೆಯ ಒಳಗಿನ ತ್ರಿಜ್ಯ 3 ಎಂಎಂ ಇದ್ರೆ 94ರಿಂದ 95 ಸಾಕು. ಮೊದ್ಲು ಅದೇ ಪ್ಲೇಟಿನ ಒಂದು ಪಟ್ಟಿ ಮಡಿಸಿ ಅಳೆದು, ಎಷ್ಟು ಕಳೀಬೇಕು ಅಂತ ಗೋಡೆ ಮೇಲೆ ಬರೆದಿಟ್ಕೊಳ್ಳಿ. ಅಗಲ ಪ್ಲೇಟಾದ್ರೆ ಮಡಿಕೆ ಗೆರೆ ಮೇಲೆ ಗ್ರೈಂಡರಲ್ಲಿ ಅರ್ಧ ದಪ್ಪ ಗೀರಿ ವೈಸಲ್ಲಿ ಹಿಡಿದು ಮಡಿಸಿ, ಆಮೇಲೆ ಆ ಗೀರನ್ನ ಪೂರ್ತಿ ವೆಲ್ಡ್ ತುಂಬಿಸಿ. ತುಂಬಿಸದೇ ಬಿಟ್ರೆ ಅಲ್ಲೇ ಮುರಿಯೋದು. ಅಲ್ಯೂಮಿನಿಯಮ್ಮಲ್ಲಿ 6061 ಟಿ6 ಅನ್ನೋದನ್ನ ಚೂಪಾಗಿ ಮಡಿಸಿದ್ರೆ ಬಿರುಕು ಬಿಡುತ್ತೆ, ಮಡಿಸೋ ಕೆಲಸಕ್ಕೆ 5052 ಕೇಳಿ ತಗೊಳ್ಳಿ.

ಪ್ರಶ್ನೆ: ಡ್ಯಾಶ್‌ಬೋರ್ಡಿಗೆ ಸ್ವಿಚ್ ಪ್ಯಾನೆಲ್ಲು 3ಡಿ ಪ್ರಿಂಟ್ ಮಾಡಿದ್ದೆ, ಬಿಸಿಲಿಗೆ ಸೊಟ್ಟಗಾಯ್ತು.

ಉತ್ತರ: ಪಿಎಲ್‌ಎ ಪ್ಲಾಸ್ಟಿಕ್ ಅಲ್ವಾ? ಅದು 60 ಡಿಗ್ರಿಗೇ ಮೆತ್ತಗಾಗುತ್ತೆ, ಬಿಸಿಲಲ್ಲಿ ನಿಂತ ಗಾಡಿಯ ಕಪ್ಪು ಡ್ಯಾಶು ಆ ಬಿಸಿಗೆ ಸುಲಭವಾಗಿ ಹೋಗುತ್ತೆ. ಎಎಸ್‌ಎ ಅನ್ನೋ ಪ್ಲಾಸ್ಟಿಕ್ ತಗೊಳ್ಳಿ, 100 ಡಿಗ್ರಿ ತನಕ ತಡೆಯುತ್ತೆ, ಬಿಸಿಲಿಗೆ ಪುಡಿಯಾಗೋದೂ ಕಮ್ಮಿ. ಸ್ವಿಚ್ಚು, ಮೊಬೈಲ್ ಸ್ಟ್ಯಾಂಡು ತನಕ ಮಾತ್ರ ಪ್ರಿಂಟು, ಸೀಟ್ ಬೆಲ್ಟು, ಸ್ಟೇರಿಂಗು, ಬ್ರೇಕಿಗೆ ಸಂಬಂಧಪಟ್ಟ ಯಾವುದನ್ನೂ ಪ್ರಿಂಟ್ ಮಾಡ್ಬೇಡಿ.

ಪ್ರಶ್ನೆ: ಮುಂದೆ ವಿಂಚ್ (ಹೂತ ಗಾಡೀನ ಹಗ್ಗ ಸುತ್ತಿ ಎಳೆಯೋ ಯಂತ್ರ) ಕೂರಿಸೋ ಪ್ಲೇಟ್ ಮಾಡಿ ಮುಗಿಸಿದೀನಿ, ಇನ್ನೂ ಬಣ್ಣ ಹೊಡೆದಿಲ್ಲ. ಗಟ್ಟಿ ಇದೆಯಾ ಅಂತ ಹೇಗೆ ನೋಡೋದು?

ಉತ್ತರ: ಬಣ್ಣ ಹೊಡೆಯೋ ಮುಂಚೆ ಕೇಳಿದ್ದು ತುಂಬಾ ಒಳ್ಳೇದಾಯ್ತು. ವಿಂಚ್ ಪ್ಲೇಟು ನೇರ ಎಳೆತಕ್ಕೆ ಸಾಮಾನ್ಯವಾಗಿ ತಡೆಯುತ್ತೆ, ತೊಂದರೆ ಬರೋದು ಓರೆ ಎಳೆತದಲ್ಲಿ, ಗಾಡಿ ಒಂದು ಕಡೆ ಹೂತು ಹಗ್ಗ ಇನ್ನೊಂದು ಕಡೆ ಮರಕ್ಕೆ ಹೋದಾಗ ಪೂರ್ತಿ ಭಾರ ಒಂದೇ ಬದಿ ಬೋಲ್ಟಿಗೆ ಬೀಳುತ್ತೆ. ಹಾಗಾಗಿ ಪ್ಲೇಟು ಎಡ ಬಲ ಎರಡೂ ಫ್ರೇಮ್ ಪೈಪಿಗೆ ಸೇರಿದೆಯಾ, ಬರೀ ಬಂಪರಿಗೆ ನೇತಾಡ್ತಿದೆಯಾ ನೋಡಿ. ಬಂಪರಿಗೆ ಮಾತ್ರ ಅಂದ್ರೆ ವಾಪಸ್ ಬಿಚ್ಚಿ, ಫ್ರೇಮಿಗೆ ಕಾಲು ಕೊಡಿ. ವಿಂಚಿನ ಮೇಲೆ ಬರೆದಿರೋ ಎಳೆತ ಡ್ರಮ್ಮಿನ ಮೊದಲನೇ ಪದರದ್ದು, ಹಗ್ಗ ಪದರ ಪದರ ಸುತ್ಕೊಂಡ ಹಾಗೆ ಕಮ್ಮಿ ಆಗುತ್ತೆ. ಆದ್ರೆ ಪ್ಲೇಟನ್ನ ಲೆಕ್ಕ ಹಾಕೋವಾಗ ಆ ಪೂರ್ತಿ ಎಳೆತಕ್ಕೇ ಹಾಕ್ಬೇಕು.

ಪರೀಕ್ಷೆಗೆ ಮಟ್ಟ ನೆಲದಲ್ಲಿ ಗಾಡಿ ಬ್ರೇಕ್ ಹಾಕಿ, ಗಟ್ಟಿ ಆಸರೆಗೆ ಹಗ್ಗ ಕಟ್ಟಿ ನಿಧಾನ ಬಿಗಿ ಮಾಡಿ, ಹಗ್ಗದ ಮೇಲೆ ಭಾರದ ಕಂಬಳಿ ಹಾಕಿ, ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರ್ದು, ಮಕ್ಕಳನ್ನ ಒಳಗೆ ಕಳಿಸಿ. ಗಾಡಿ ಜಗ್ಗೋ ತನಕ ಮಾತ್ರ ಎಳೀರಿ. ಸಡಿಲ ಮಾಡಿದ್ಮೇಲೆ ಎಳೆಯೋ ಮುಂಚೆ ತಗೊಂಡಿದ್ದ ಅಳತೆಗಳನ್ನ ಮತ್ತೆ ತಗೊಳ್ಳಿ, ಪ್ಲೇಟಿನ ಅಂಚಿಂದ ಫ್ರೇಮಿಗೆ ಎರಡು ಮೂರು ಕಡೆ. ಒಂದು ಎಂಎಂ ವ್ಯತ್ಯಾಸ ಉಳಿದಿದ್ರೂ ಎಲ್ಲೋ ಬಾಗಿದೆ ಅಥವಾ ಬೋಲ್ಟ್ ಜಾರಿದೆ.

ಎಲ್ಲಾ ಸರಿ ಇದ್ರೆ ಪ್ರೈಮರ್, ಬಣ್ಣ. ಪೈಪಿನ ತುದಿ ಮುಚ್ಚಿದ್ರೆ ಪೂರ್ತಿ ವೆಲ್ಡಲ್ಲಿ ಮುಚ್ಚಿ, ಇಲ್ಲಾಂದ್ರೆ ಕೆಳಗಡೆ ನೀರು ಇಳಿಯೋಕೆ ತೂತು ಬಿಡಿ, ಅರೆಬರೆ ಮುಚ್ಚಿದ್ರೆ ಒಳಗಿಂದ ತುಕ್ಕು. ನಟ್ಟು ಕೂರೋ ಜಾಗದಲ್ಲಿ ಬಣ್ಣ ದಪ್ಪಗೆ ಬಿಡ್ಬೇಡಿ, ಅದು ಒತ್ತಿ ಪುಡಿಯಾದ್ರೆ ಬಿಗಿ ಹೋಗುತ್ತೆ. ಟಾರ್ಕ್ ವ್ರೆಂಚಲ್ಲಿ ಬಿಗಿದು ನಟ್ಟಿನಿಂದ ಪ್ಲೇಟಿಗೆ ಅಡ್ಡಲಾಗಿ ಬಿಳಿ ಬಣ್ಣದ ಗೆರೆ ಎಳೀರಿ, ಗೆರೆ ತುಂಡಾಗಿ ಕಂಡ್ರೆ ನಟ್ಟು ತಿರುಗಿದೆ ಅಂತ. ಮೊದಲನೇ ಓಡಾಟ ಮುಗಿಸಿ ಬಂದ ತಕ್ಷಣ ತೊಳೆದು ವೆಲ್ಡಿನ ಅಂಚನ್ನ ಟಾರ್ಚ್ ಹಾಕಿ ನೋಡಿ. ಕೂದಲಷ್ಟು ಸಣ್ಣ ತುಕ್ಕಿನ ಗೆರೆ ಬಣ್ಣದ ಮೇಲೆ ಮೂಡಿದ್ರೆ ಅಡಿಯಲ್ಲಿ ಬಿರುಕು ಇರುತ್ತೆ, ಅದರ ಮೇಲೆ ಇನ್ನೊಂದು ಪದರ ವೆಲ್ಡ್ ಎಳೀಬೇಡಿ, ಗ್ರೈಂಡರಲ್ಲಿ ಬಿರುಕಿನ ಬುಡ ಕಾಣೋ ತನಕ ತೆಗೆದು ಆಮೇಲೆ ತುಂಬಿಸಿ.